ಪೌಡರ್ ಡಬ್ಬಿ: ಎಲ್ಲಿ ಪರವಾಗಿಲ್ಲ, ಎಲ್ಲಿ ಬೇಡವೇ ಬೇಡ

ಬೇಲೂರಿನ ಹತ್ತಿರದ ನಮ್ಮ ಅಜ್ಜಿ ಮನೆ ಹೆಂಚಿನದು. ಬಚ್ಚಲ ಪಕ್ಕದ ಕೋಣೆಯ ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅದರಿಂದ ಬಿಸಿಲುಕೋಲು ಸೀದಾ ನೆಲಕ್ಕೆ ಇಳಿಯುತ್ತದೆ. ತಂಗಿಯ ಬಾಣಂತನ ನಡೆದದ್ದು ಆ ಕೋಣೆಯಲ್ಲೇ. ಒಂದು ದಿನ ಕೂಸಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಅಜ್ಜಿ ಪೌಡರ್ ಡಬ್ಬಿ ತೆಗೆದಳು. ಪಫ್ ಅದ್ದಿ ಕತ್ತು, ಕಂಕುಳು, ತೊಡೆ ಸಂದಿ ಅಂತ ಪಟಪಟ ಬಡಿದಳು. ಆ ಬಿಸಿಲುಕೋಲು ಇದ್ದಕ್ಕಿದ್ದ ಹಾಗೆ ಹಾಲಿನಂತೆ ಬೆಳ್ಳಗಾಯಿತು. ಕೂಸು ಒಂದು ಸೀನು ಸೀನಿ ಸುಮ್ಮನಾಯಿತು. ಅಜ್ಜಿ ದೃಷ್ಟಿಬೊಟ್ಟು ಇಟ್ಟು, ತೊಟ್ಟಿಲಿಗೆ ಹಾಕಿ, ಒಲೆ ಕಡೆ ಹೋದಳು. ನಾನು ಅಲ್ಲೇ ಕೂತಿದ್ದೆ. ಪೌಡರ್ ಇನ್ನೂ ತೇಲಾಡುತ್ತಲೇ ಇತ್ತು. ತೊಟ್ಟಿಲು ಅದರ ಕೆಳಗೇ ಇತ್ತು.

ಪೌಡರ್ ಬಗ್ಗೆ ನಮ್ಮಲ್ಲಿ ಎರಡೇ ಮಾತು ಓಡಾಡುತ್ತವೆ. ಒಂದು ವಾಟ್ಸಾಪಿನಲ್ಲಿ ಬರುವ "ಪೌಡರ್ ಹಾಕಿದರೆ ಕ್ಯಾನ್ಸರ್". ಇನ್ನೊಂದು ಮನೆಯಲ್ಲಿ ಕೇಳುವ "ನಾವೆಲ್ಲ ಹಾಕ್ಕೊಂಡೇ ಬೆಳೆದವರು, ಏನಾಯ್ತು ಈಗ?" ನಾನು ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಬೆವರಿದ ಬೆನ್ನಿನ ಮೇಲೆ ಕೂತ ಚಿಟಿಕೆ ಪೌಡರ್‌ಗೆ ಹೆದರಬೇಕಾಗಿಲ್ಲ. ಗಾಳಿಗೆ ಎದ್ದು ಮೂಗಿಗೆ ಹೋಗುವ ಪೌಡರ್, ಮೈಯೊಳಗೆ ದಾರಿ ಇರುವ ಜಾಗಕ್ಕೆ ಹಾಕುವ ಪೌಡರ್, ಇವುಗಳದ್ದೇ ಚಿಂತೆ. ಆದ್ದರಿಂದ ಡಬ್ಬಿ ಎಸೆಯುವ ಮುಂಚೆ, ಅಥವಾ ಕೊಳ್ಳುವ ಮುಂಚೆ, ಒಂದೊಂದಾಗಿ ನೋಡೋಣ.

ಮೊದಲು: ಒಳಗಿರುವುದು ಏನು ಅಂತ ತಿಳಿಯಿರಿ

ಟಾಲ್ಕಮ್ ಪೌಡರ್ ಅಂದರೆ ಕಲ್ಲಿನ ಹುಡಿ. ಆ ಕಲ್ಲಿನ ಹೆಸರು ಟಾಲ್ಕ್. ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕ ಸೇರಿ ಆದ ಖನಿಜ. ಗಡಸುತನದ ಅಳತೆಯಲ್ಲಿ ಅದಕ್ಕೆ ಸಿಗುವ ಅಂಕ 1, ಅಂದರೆ ಎಲ್ಲಕ್ಕಿಂತ ಮೆತ್ತನೆಯದು. ಉಗುರಿನಲ್ಲಿ ಗೀರಿದರೂ ಪುಡಿ ಉದುರುತ್ತದೆ. ಒಂದರ ಮೇಲೊಂದು ಹಾಳೆ ಜೋಡಿಸಿದ ಹಾಗೆ ಅದರ ರಚನೆ. ಹಾಳೆಗಳು ಜಾರುತ್ತವೆ, ಅದಕ್ಕೇ ಕೈಗೆ ಅಷ್ಟು ನುಣುಪು.

ಹಾಸನ ಜಿಲ್ಲೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬಳಪದ ಕಲ್ಲು ನಮಗೆ ಗೊತ್ತು. ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ಮದನಿಕೆಯರ ಬಳೆ, ಕುಚ್ಚು, ಜಡೆಬಿಲ್ಲೆ ಅಷ್ಟು ಸಣ್ಣದಾಗಿ ಮೂಡಿದ್ದು ಕಲ್ಲು ಉಳಿಗೆ ಬಗ್ಗಿದ್ದಕ್ಕೆ. ಭೂವಿಜ್ಞಾನದವರು ಆ ಕಲ್ಲನ್ನು ಕ್ಲೋರೈಟ್ ಶಿಸ್ಟ್ ಅನ್ನುತ್ತಾರೆ. ಟಾಲ್ಕಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ. ಗುಡಿಯ ಗೋಡೆ ಮುಟ್ಟಿದವರಿಗೆ ಏನೂ ಆಗುವುದಿಲ್ಲ. ಆದರೆ ಬಳಪದ ಕಲ್ಲಿನಲ್ಲಿ ಗಣಪ, ಆನೆ ಕೆತ್ತುವವರು ದಿನವಿಡೀ ಹುಡಿಯಲ್ಲೇ ಕೂರುತ್ತಾರೆ. ಅವರಿಗೆ ಮಾಸ್ಕ್ ಬೇಕು. ಟಾಲ್ಕ್ ಗಣಿ ಮತ್ತು ಗಿರಣಿಗಳಲ್ಲಿ ವರ್ಷಗಟ್ಟಲೆ ಹುಡಿ ಕುಡಿದವರ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗೆ ಟಾಲ್ಕೋಸಿಸ್ ಎಂಬ ಹೆಸರೇ ಇದೆ.

ಇನ್ನೊಂದು ವಿಷಯವಿದೆ. ನೆಲದೊಳಗೆ ಟಾಲ್ಕ್ ಇರುವ ಕಡೆ ಕೆಲವೊಮ್ಮೆ ಅದರ ಪಕ್ಕದಲ್ಲೇ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಕೂಡ ಇರುತ್ತದೆ. ಹಳೇ ಶೀಟ್ ಮನೆಗಳ ಶೀಟಿನಲ್ಲಿ ಇರುವುದು ಇದೇ. ಇದು ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಯಾವ ಅನುಮಾನವೂ ಉಳಿದಿಲ್ಲ. ಗಣಿ ಆರಿಸುವಾಗ, ಪರೀಕ್ಷೆ ಮಾಡುವಾಗ ಎಚ್ಚರ ತಪ್ಪಿದರೆ ಕಲ್ನಾರಿನ ಎಳೆ ಪೌಡರ್‌ಗೆ ಸೇರಬಹುದು. ನಮ್ಮ ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಬಾರದು. ಒಳ್ಳೇ ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯವೇ ಬೇಕು. ಮನೆಯಲ್ಲಿ ಪತ್ತೆ ಮಾಡುವ ಉಪಾಯ ಅಂತ ಯಾರಾದರೂ ವಿಡಿಯೊ ಕಳಿಸಿದರೆ ನಂಬಬೇಡಿ.

ಎರಡನೆಯದು: ಸುದ್ದಿಯನ್ನು ಸರಿಯಾಗಿ ತೂಗಿ

2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು 2ಎ ಗುಂಪಿಗೆ ಸೇರಿಸಿತು. ಅದರ ಅರ್ಥ "ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು". ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಾಕಷ್ಟು ಪುರಾವೆ ಸಿಕ್ಕಿತ್ತು. ಮನುಷ್ಯರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಸೀಮಿತ ಪುರಾವೆ ಇತ್ತು. ಸುದ್ದಿವಾಹಿನಿಯ ಅಡಿಪಟ್ಟಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. "ಪೌಡರ್‌ನಿಂದ ಕ್ಯಾನ್ಸರ್!" ಅಂತ ಓಡುತ್ತದೆ ಅಷ್ಟೇ.

ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಅದೇ 2ಎ ಗುಂಪಿನಲ್ಲಿ ಕುರಿ ಮಾಂಸವಿದೆ, ರಾತ್ರಿ ಪಾಳಿಯ ಕೆಲಸವಿದೆ, 65 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿ ಕುಡಿಯುವ ಪಾನೀಯವೂ ಇದೆ. ಚಿಕ್ಕಮಗಳೂರಿನವರು ಗಾಬರಿಯಾಗಬೇಡಿ. 2016ರಲ್ಲಿ ಇದೇ ಸಂಸ್ಥೆ ಕಾಫಿಯನ್ನು ಅನುಮಾನದ ಪಟ್ಟಿಯಿಂದ ಇಳಿಸಿತು. ತಕರಾರು ಗಂಟಲು ಸುಡುವ ಬಿಸಿಯದ್ದು, ಕಾಫಿಯದ್ದಲ್ಲ. ಇನ್ನು ಕಲ್ನಾರು ಸೇರಿದ ಟಾಲ್ಕ್ ಮೊದಲಿನಿಂದಲೂ ಬೀಡಿ ಸಿಗರೇಟಿನ ಜೊತೆ 1ನೇ ಗುಂಪಿನಲ್ಲಿದೆ.

ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 2020ರಲ್ಲಿ ಅಮೆರಿಕದ ಸುಮಾರು ಎರಡೂವರೆ ಲಕ್ಷ ಹೆಂಗಸರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ಗುಪ್ತಾಂಗಕ್ಕೆ ಪೌಡರ್ ಹಾಕುವುದಕ್ಕೂ ಅಂಡಾಶಯದ ಕ್ಯಾನ್ಸರಿಗೂ ಖಚಿತ ಸಂಬಂಧ ಕಾಣಲಿಲ್ಲ. 2024ರಲ್ಲಿ ಬಂದ, ಸುಮಾರು 50,000 ಹೆಂಗಸರ ಇನ್ನೊಂದು ಅಧ್ಯಯನದಲ್ಲಿ ಸಂಬಂಧ ಕಂಡಿತು. ಇದರಲ್ಲೊಂದು ತೊಡಕಿದೆ. ಇಪ್ಪತ್ತು ವರ್ಷದ ಹಿಂದೆ ಎಷ್ಟು ಪೌಡರ್ ಹಾಕುತ್ತಿದ್ದಿರಿ ಅಂತ ಕೇಳಿದರೆ ನಿಖರವಾಗಿ ಯಾರಿಗೆ ನೆನಪಿರುತ್ತದೆ? ಕಾಯಿಲೆ ಬಂದವರು ಹಳೆಯದನ್ನೆಲ್ಲ ಕೆದಕಿ ನೆನೆಯುತ್ತಾರೆ. ಬಾರದವರು ಮರೆತಿರುತ್ತಾರೆ.

ಕಲ್ನಾರಿನ ವಿಷಯ ಬೇರೆಯೇ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಟಾಲ್ಕ್ ಇರುವ 52 ಸೌಂದರ್ಯ ಸಾಮಗ್ರಿ ಪರೀಕ್ಷಿಸಿದಾಗ 9ರಲ್ಲಿ ಕಲ್ನಾರು ಸಿಕ್ಕಿತು. 2023ರಲ್ಲಿ 50 ಪರೀಕ್ಷಿಸಿದಾಗ ಒಂದರಲ್ಲೂ ಸಿಗಲಿಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸಾವಿರಾರು ಮೊಕದ್ದಮೆಗಳ ನಡುವೆ 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಟಾಲ್ಕ್ ಬೇಬಿ ಪೌಡರ್ ಮಾರುವುದನ್ನು ನಿಲ್ಲಿಸಿತು. 2023ರಲ್ಲಿ ಜಗತ್ತಿನೆಲ್ಲೆಡೆ ನಿಲ್ಲಿಸಿ ಕಾರ್ನ್ ಸ್ಟಾರ್ಚಿಗೆ, ಅಂದರೆ ಮೆಕ್ಕೆಜೋಳದ ಪಿಷ್ಟಕ್ಕೆ ಬಂತು. ತನ್ನ ಪೌಡರ್ ಸುರಕ್ಷಿತವೇ ಆಗಿತ್ತು ಅಂತ ಕಂಪನಿ ಈಗಲೂ ಹೇಳುತ್ತದೆ.

ಇಷ್ಟರ ಮೇಲೆ ನನ್ನ ಲೆಕ್ಕ ಹೀಗಿದೆ. ಊಟ, ಕೆಲಸ ಬಿಡಲಾಗದು. ಆದರೆ ಪೌಡರ್ ಇಲ್ಲದೆ ಯಾರೂ ಸಾಯುವುದಿಲ್ಲ. ಅನುಮಾನ ಇರುವ ಜಾಗದಲ್ಲಿ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮೂರನೆಯದು: ಡಬ್ಬಿಯ ಬೆನ್ನು ಓದಿ

ಅಕ್ಷರ ಸಾಸಿವೆಗಿಂತ ಸಣ್ಣದಿರುತ್ತದೆ. ಅಂಗಡಿಯಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಒಳಗೇನಿದೆ ಅನ್ನುವ ಪಟ್ಟಿಯಲ್ಲಿ ಮೊದಲು ಬರುವುದೇ ಜಾಸ್ತಿ ಇರುವುದು. ಟಾಲ್ಕ್, ಟಾಲ್ಕಮ್, ಮೆಗ್ನೀಸಿಯಂ ಸಿಲಿಕೇಟ್ ಅಂತಿದ್ದರೆ ಕಲ್ಲಿನ ಹುಡಿ. ಜಿಯಾ ಮೇಸ್ ಸ್ಟಾರ್ಚ್ ಅಂತಿದ್ದರೆ ಮೆಕ್ಕೆಜೋಳದ್ದು. ಮುಂದುಗಡೆ ಬರೆದ "ಹರ್ಬಲ್", "ಬೇವು", "ಚಂದನ" ನೋಡಿ ಮೋಸ ಹೋಗಬೇಡಿ. ಚಂದನದ ಚಿತ್ರ ಇರುವ ಡಬ್ಬಿಯ ಬೆನ್ನಿನಲ್ಲೂ ಮೊದಲ ಹೆಸರು ಟಾಲ್ಕ್ ಇರಬಹುದು. ಕಾಂಪ್ಯಾಕ್ಟ್, ಐ ಶ್ಯಾಡೋ, ಬ್ಲಶ್ ಇವುಗಳಲ್ಲೂ ಟಾಲ್ಕ್ ಇರುವುದು ಸಾಮಾನ್ಯ. ಆದರೆ ಅವು ಒತ್ತಿ ಗಟ್ಟಿ ಮಾಡಿದವು, ಡಬ್ಬಿಯ ಪೌಡರ್‌ನಷ್ಟು ಹಾರುವುದಿಲ್ಲ.

ತಯಾರಕರ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಿಸಿದ ತಿಂಗಳು, ಬಳಸಬಹುದಾದ ಕೊನೆಯ ತಿಂಗಳು ಇರಲೇಬೇಕು. ಸಂತೆ, ಜಾತ್ರೆಗಳಲ್ಲಿ ಕವರ್‌ಗೆ ತುಂಬಿ ಕೊಡುವ ಬಿಡಿ ಪೌಡರ್ ಎಷ್ಟೇ ಘಮಘಮ ಅಂದರೂ ಬೇಡ. ದೊಡ್ಡ ಹೆಸರಿನ ಹಾಗೇ ಕಾಣುವ, ಒಂದಕ್ಷರ ಬೇರೆ ಇರುವ ಡಬ್ಬಿಯೂ ಬೇಡ. ಕೊಂಡ ಮೇಲೆ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ಲು, ಡಬ್ಬಿ ಎರಡೂ ಇಟ್ಟುಕೊಂಡಿರಿ.

ಗೊತ್ತಾಗದಿದ್ದರೆ ಒಂದು ಸಣ್ಣ ತಮಾಷೆ ಮಾಡಿ ನೋಡಬಹುದು. ಲೋಟದ ನೀರಿಗೆ ಚಿಟಿಕೆ ಪೌಡರ್ ಉದುರಿಸಿ. ಟಾಲ್ಕಿಗೆ ನೀರು ಅಂದರೆ ಆಗದು, ಮೇಲೇ ತೇಲುತ್ತದೆ. ಸ್ಟಾರ್ಚ್ ಕಲಕಿದರೆ ನೀರು ಹಾಲಾಗುತ್ತದೆ. ಅದಕ್ಕೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಟ್ಟರೆ ಕಡುನೀಲಿಗೆ ತಿರುಗುತ್ತದೆ. ಎರಡೂ ಬೆರೆಸಿದ ಪೌಡರ್ ಇದ್ದರೆ ಇದು ಗೊಂದಲ ಮಾಡುತ್ತದೆ. ಡಬ್ಬಿಯ ಬೆನ್ನೇ ಗತಿ.

ನಾಲ್ಕನೆಯದು: ಮನೆಯಲ್ಲಿ ಯಾರಿಗೆ, ಎಲ್ಲಿಗೆ

ಎಳೆ ಕೂಸಿಗೆ ಬೇಡ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಇಲ್ಲಿ ಕ್ಯಾನ್ಸರಿನ ಮಾತೇ ಇಲ್ಲ, ಉಸಿರಿನ ಮಾತು. ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ ಅಂತ ಈಗಷ್ಟೇ ನೋಡಿದೆವಲ್ಲ. ಕೂಸಿನ ಶ್ವಾಸನಾಳ ತೀರಾ ಸಣ್ಣದು. ಅಲ್ಲಿ ಪೌಡರ್ ಕೂತರೆ ಒಳಪೊರೆಯನ್ನು ಒಣಗಿಸಿ, ಅಂಟಿಕೊಳ್ಳುತ್ತದೆ. ಡಬ್ಬಿ ಮಗುಚಿಕೊಂಡು ಪೌಡರ್ ಒಳಗೆಳೆದ ಮಕ್ಕಳು ತೀವ್ರ ಉಸಿರಾಟದ ತೊಂದರೆಗೆ ಸಿಕ್ಕಿದ್ದಿದೆ, ಸತ್ತದ್ದೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಸಿಗೆ ಪೌಡರ್ ಬೇಡ ಅಂತಲೇ ಹೇಳುತ್ತದೆ. ಸ್ಟಾರ್ಚ್ ಪೌಡರ್ ಆದರೂ ಹುಡಿ ಹುಡಿಯೇ.

ಅಜ್ಜಿಗೆ ಹೇಳುವುದು ಹೇಗೆ? ನಾನು ಮೊದಲು ಸಂಸ್ಥೆ, ವರದಿ ಅಂತೆಲ್ಲ ಶುರು ಮಾಡಿದೆ. "ನಿಮ್ಮಪ್ಪನ್ನೂ ಇದೇ ಪೌಡರ್ ಹಾಕಿ ಸಾಕಿದೀನಿ ಕಣೇ, ಗುಂಡುಕಲ್ಲಿನಂಗೆ ಇಲ್ವಾ?" ಅಂದಳು. ಮಾತು ಅಲ್ಲಿಗೇ ನಿಂತಿತು. ಮಾರನೇ ದಿನ ಬಿಸಿಲುಕೋಲಿನ ಕೆಳಗೆ ಅವಳನ್ನೇ ಕೂರಿಸಿ, ಪಫ್ ಒಂದು ಸಲ ಬಡಿದು, "ಇಲ್ನೋಡಜ್ಜಿ, ಇದೆಲ್ಲ ಎಲ್ಲಿಗೆ ಹೋಗುತ್ತೆ?" ಅಂದೆ. ಸ್ವಲ್ಪ ಹೊತ್ತು ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಹಂಗಾದ್ರೆ ಕೂಸಿನ ವಾಸ್ನೆ ಹೆಂಗೆ ಬರ್ಬೇಕು?" ಅಂತ ಗೊಣಗಿದಳು. ಆ ಪ್ರಶ್ನೆ ನ್ಯಾಯವಾದದ್ದೇ. ಸ್ನಾನವಾದ ಕೂಸಿಗೆ ತನ್ನದೇ ವಾಸನೆ ಇರುತ್ತದೆ ಅಂದೆ. ಸಾಂಬ್ರಾಣಿಯ ಹೊಗೆಯೂ ಆ ಪುಟ್ಟ ಎದೆಗೆ ಒಳ್ಳೆಯದಲ್ಲ, ಆದರೆ ಆ ಜಗಳ ಇನ್ನೊಂದು ದಿನಕ್ಕೆ ಇಟ್ಟುಕೊಂಡೆ.

ಪೌಡರ್ ಬದಲು ಮಾಡಬೇಕಾದ್ದು ಇಷ್ಟೇ: ಮಡಿಕೆ ಮಡಿಕೆಯಲ್ಲೂ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಕತ್ತಿನ ಕೆಳಗೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ. ಉಜ್ಜಬೇಡಿ. ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಹಾಗೇ ಬಿಡಿ. ಕೆಂಪಾಗಿದ್ದರೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ.

ಹೆಂಗಸರು ಗುಪ್ತಾಂಗದ ಹತ್ತಿರ, ಒಳ ಉಡುಪಿಗೆ, ಪ್ಯಾಡ್‌ಗೆ ಪೌಡರ್ ಹಾಕುವುದನ್ನು ಬಿಟ್ಟುಬಿಡಿ. ಬೇಸಿಗೆಯಲ್ಲಿ ತೊಡೆ ಉಜ್ಜುತ್ತದೆ ಅಂತ, ವಾಸನೆ ಬಾರದಿರಲಿ ಅಂತ ಎಷ್ಟೋ ಜನ ಹಾಕುತ್ತಾರೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ಯಾರೂ ಬೇಡ ಅಂತಲೂ ಹೇಳುವುದಿಲ್ಲ. ಅಲ್ಲಿಂದ ಹುಡಿ ಮೇಲೇರಿ ಅಂಡಾಶಯದವರೆಗೆ ಹೋಗಬಹುದು ಅನ್ನುವುದೇ ಅನುಮಾನದ ಮೂಲ. ಚರ್ಮದ ಮೇಲೆ ಸುಮ್ನೆ ಬಿದ್ದಿರುವ ಟಾಲ್ಕ್ ಮೈಯೊಳಗೆ ಸುಮ್ನಿರುವುದಿಲ್ಲ ಅನ್ನುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಶ್ವಾಸಕೋಶದ ಸುತ್ತ ಪದೇ ಪದೇ ನೀರು ತುಂಬುವ ರೋಗಿಗೆ ಅವರು ಬೇಕಂತಲೇ ಶುದ್ಧ ಟಾಲ್ಕ್ ಒಳಗೆ ಬಿಡುತ್ತಾರೆ. ಅದು ಅಲ್ಲಿ ಉರಿಯೂತ ಎಬ್ಬಿಸಿ ಎರಡು ಪೊರೆಗಳನ್ನು ಅಂಟಿಸಿಬಿಡುತ್ತದೆ. ಅಲ್ಲಿ ಅದು ಔಷಧ. ಬೇರೆ ಕಡೆ ಹಾಗಾಗುವುದು ನಮಗೆ ಬೇಡ.

ಇಷ್ಟು ವರ್ಷ ಹಾಕಿಬಿಟ್ಟೆನಲ್ಲ ಅನ್ನುವವರು ನಿದ್ದೆ ಕೆಡಿಸಿಕೊಳ್ಳಬೇಡಿ. ಅದಕ್ಕಾಗಿ ಸ್ಕ್ಯಾನಿಂಗ್ ಮಾಡಿಸಬೇಕಾಗಿಲ್ಲ. ಆದರೆ ಪೌಡರ್ ಹಾಕಲಿ ಬಿಡಲಿ, ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಅವಸರ, ಇವು ಎರಡು ಮೂರು ವಾರ ಬಿಡದೆ ಇದ್ದರೆ ಗ್ಯಾಸ್ ಅಂತ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ.

ಉಬ್ಬಸ, ದಮ್ಮು ಇರುವವರಿಗೂ ಬೇಡ. ಉಳಿದ ದೊಡ್ಡವರು ಬೆನ್ನಿಗೆ, ಕತ್ತಿಗೆ, ಪಾದಕ್ಕೆ ಒಂದು ಚಿಟಿಕೆ ಹಾಕಿಕೊಂಡರೆ ನಾನಂತೂ ಬೇಡ ಅನ್ನುವುದಿಲ್ಲ.

ಐದನೆಯದು: ಹಾಕುವುದೇ ಆದರೆ ಹಾರಿಸಬೇಡಿ

ಗಾಜಿನ ಹೆಂಚು ಎಲ್ಲರ ಮನೆಯಲ್ಲೂ ಇರುವುದಿಲ್ಲ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಪಕ್ಕಕ್ಕೆ ಹಿಡಿದು, ನೀವು ದಿನಾ ಹಾಕುವ ಹಾಗೇ ಒಂದು ಸಲ ಪೌಡರ್ ಹಾಕಿ. ಹುಡಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಷ್ಟು ಹೊತ್ತು ಕೆಳಗಿಳಿಯುವುದಿಲ್ಲ, ಕಣ್ಣಾರೆ ನೋಡಿ. ಆಮೇಲೆ ಈ ರೀತಿ ಹಾಕಿ ಹೋಲಿಸಿ: ಫ್ಯಾನ್ ಆರಿಸಿ. ಮೈ ಪೂರ್ತಿ ಒಣಗಿರಲಿ. ಡಬ್ಬಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು, ತೂತು ಅಂಗೈಗೆ ತಾಗುವಷ್ಟು ಹತ್ತಿರ ತಂದು, ಮೆಲ್ಲಗೆ ತಟ್ಟಿ. ಎರಡೂ ಅಂಗೈ ಉಜ್ಜಿಕೊಂಡು ಚರ್ಮಕ್ಕೆ ಸವರಿ. ಪಫ್ ಬೇಡ. ಮುಖಕ್ಕೆ ಸವರುವಾಗ ಅಷ್ಟು ಹೊತ್ತು ಉಸಿರು ಹಿಡಿಯಿರಿ. ಮಕ್ಕಳು ಆ ಕೋಣೆಯಲ್ಲಿ ಇರದಿರಲಿ. ಮುಚ್ಚಳ ತಿರುಗಿಸಿ ಮೇಲಿನ ಗೂಡಿನಲ್ಲಿಡಿ. ಹಟ ಮಾಡುವ ಮಗುವಿನ ಕೈಗೆ ಆಟಕ್ಕೆ ಅಂತ ಪೌಡರ್ ಡಬ್ಬಿ ಕೊಡುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ. ಅದೊಂದು ನಿಲ್ಲಲಿ.

ಅಕಸ್ಮಾತ್ ಮಗು ಮುಖದ ಮೇಲೆ ಸುರಿದುಕೊಂಡರೆ ಮೊದಲು ಆ ಜಾಗದಿಂದ ಎತ್ತಿ ಹೊರಗೆ ಗಾಳಿಗೆ ತನ್ನಿ. ಒದ್ದೆ ಬಟ್ಟೆಯಿಂದ ಮೂಗು, ಬಾಯಿ ಸುತ್ತ ಒರೆಸಿ. ಗಂಟಲಿಗೆ ಬೆರಳು ಹಾಕಬೇಡಿ, ವಾಂತಿ ಮಾಡಿಸಬೇಡಿ. ಕೆಮ್ಮು ನಿಲ್ಲದಿದ್ದರೆ, ಪಕ್ಕೆ ಒಳಗೆಳೆದು ಉಸಿರಾಡುತ್ತಿದ್ದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಫೋನ್ ಮಾಡಿ. ಪೌಡರ್ ಜಾಸ್ತಿ ಒಳಗೆ ಹೋಗಿದೆ ಅನ್ನಿಸಿದರೆ ಮಗು ನಗುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತೊಂದರೆ ಕೆಲವು ಗಂಟೆ ತಡವಾಗಿ ಶುರುವಾಗುವುದುಂಟು.

ಆರನೆಯದು: ಬೆವರು, ತುರಿಕೆಗೆ ಬೇರೆ ದಾರಿ

ಕಡೂರು, ಅರಸೀಕೆರೆ ಕಡೆಯ ಬಿಸಿಲಿಗೆ ಬೆವರುಸಾಲೆ. ಮೂಡಿಗೆರೆ, ಸಕಲೇಶಪುರದ ಮಳೆಗೆ ಬಟ್ಟೆ ಒಣಗದೆ ತುರಿಕೆ. ಎರಡಕ್ಕೂ ನಮ್ಮ ಕೈ ಹೋಗುವುದು ಪೌಡರ್ ಡಬ್ಬಿಗೇ.

ಬೆವರುಸಾಲೆಗೆ ತಣ್ಣೀರಿನ ಸ್ನಾನ, ಸಡಿಲ ಹತ್ತಿ ಬಟ್ಟೆ, ಗಾಳಿ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೆಂದೇ ಬರುವ ಪೌಡರ್‌ಗಳಲ್ಲಿ ಬೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇರಬಹುದು. ದೊಡ್ಡವರಿಗೆ ತಂಪು ಅನ್ನಿಸಿತು ಅಂತ ಅದನ್ನೇ ಕೂಸಿಗೆ ಹಾಕಬೇಡಿ.

ಮಳೆಗಾಲದ ತುರಿಕೆ ಉಂಗುರದ ಹಾಗೆ ಹರಡುತ್ತಿದ್ದರೆ ಅದು ಹುಳುಕಡ್ಡಿ. ತೋಟದಲ್ಲಿ ಬೂಟಿನೊಳಗೆ ನೆನೆದ ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತಿದ್ದರೆ ಅದೂ ಶಿಲೀಂಧ್ರವೇ. ಘಮಘಮ ಪೌಡರ್ ಅದನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಕ್ಲೋಟ್ರಿಮಝೋಲ್‌ನಂಥ ಔಷಧ ಬೇಕು. ಸ್ಟಿರಾಯ್ಡ್ ಬೆರೆಸಿದ ಟ್ಯೂಬು ಕೇಳಿ ತರಬೇಡಿ. ಎರಡು ದಿನ ಕಮ್ಮಿಯಾಗಿ ಆಮೇಲೆ ಇಮ್ಮಡಿ ಏಳುತ್ತದೆ. ಒಳಬಟ್ಟೆ ಬಿಸಿಲಿಗೆ ಒಣಗದ ದಿನ ಇಸ್ತ್ರಿ ಹಾಕಿಕೊಳ್ಳಿ.

ಜಾರುವ ಹುಡಿಯೇ ಬೇಕು ಅಂದರೆ ಕಾರ್ನ್‌ಫ್ಲೋರ್ ಇದೆ. ಗೋಬಿ ಮಂಚೂರಿಗೆ ಹಾಕುವ ಬಿಳೀ ಹಿಟ್ಟು, ರೊಟ್ಟಿ ಮಾಡುವ ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಮಲೆನಾಡಿನ ಮನೆಯಲ್ಲಿ ಕೂವೆ ಹಿಟ್ಟಿದ್ದರೆ ಅದೂ ಆದೀತು, ಆದರೆ ಅಷ್ಟು ಕಷ್ಟಪಟ್ಟು ತೆಗೆದ ಕೂವೆಯನ್ನು ಕಂಕುಳಿಗೆ ಹಾಕಿದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ? ಎರಡಕ್ಕೂ ಇರುವೆ ಮುತ್ತುತ್ತದೆ, ಸ್ವಲ್ಪ ಸ್ವಲ್ಪವೇ ತೆಗೆದಿಟ್ಟುಕೊಳ್ಳಿ. ಗಾಯ ಅಥವಾ ಶಿಲೀಂಧ್ರ ಇರುವ ಒದ್ದೆ ಚರ್ಮಕ್ಕೆ ಹಿಟ್ಟು ಹಾಕಬೇಡಿ. ಹಾಕುವ ರೀತಿ ಮೊದಲು ಹೇಳಿದ್ದೇ, ಅಂಗೈಯಲ್ಲಿ.

ಉಳಿದ ಡಬ್ಬಿ

ಕೇರಂ ಬೋರ್ಡಿಗೆ ಇಡೋಣ ಅಂತ ನಮ್ಮ ಚಿಕ್ಕಪ್ಪ ಎತ್ತಿಕೊಂಡು ಹೋದರು. ಅದೂ ಸರಿಯಲ್ಲ. ಮಕ್ಕಳು ಬೋರ್ಡಿಗೆ ಬಗ್ಗಿ, ಮುಖ ಹತ್ತಿರ ತಂದು, ಹೆಚ್ಚಾದ ಪೌಡರನ್ನು ಬಾಯಿಂದ ಉಫ್ ಅಂತ ಊದುತ್ತಾರೆ. ಆಟಕ್ಕೆ ಸ್ಟಾರ್ಚಿನ ಪೌಡರ್ ಒಂದೆರಡು ಚಿಟಿಕೆ ಸಾಕು, ಹೆಚ್ಚಾದದ್ದನ್ನು ಬಟ್ಟೆಯಿಂದ ಸವರಿ ತೆಗೆಯಲಿ. ಬೇಡವಾದ ಡಬ್ಬಿಯನ್ನು ತೆರೆದು ಸುರಿಯದೆ, ಮುಚ್ಚಳ ಬಿಗಿದು, ಕವರಿನಲ್ಲಿ ಕಟ್ಟಿ ಒಣ ಕಸಕ್ಕೆ ಕೊಡಿ. ಅಜ್ಜಿಯ ಪಫ್ ಡಬ್ಬಿ ತೊಳೆದು ಒಣಗಿಸಿದ್ದೇವೆ. ಅದರಲ್ಲೀಗ ಗುಂಡಿ, ಸೇಫ್ಟಿ ಪಿನ್ನು ಇವೆ.